ಇಲಿ ಬಿದ್ದಾಗ ಊರು ಬಿಡುವವರು ಯಾರು?

(ಮಂಗಳೂರಿನ ಬಂದರಿನಲ್ಲಿ ನಡೆದ ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಈ ಸಭೆಗೆ ಬರುವ ಮೊದಲು ಇಲ್ಲೇ ಒಂದು ಅಕ್ಕಿ ಗೋದಾಮಿನ ಎದುರು ಸ್ವಲ್ಪ ಹೊತ್ತು ನಿಂತಿದ್ದೆ. ಲಾರಿಯಿಂದ ಮೂಟೆ ಇಳಿಸಿ ದಣಿದು ಕೂತಿದ್ದ ಹಿರಿಯರೊಬ್ಬರು ‘ಇವತ್ತು ಯಾವ ವಿಷಯದ ಭಾಷಣ?’ ಎಂದು ವಿಚಾರಿಸಿದರು. ‘ಪ್ಲೇಗಿನ ವಿಷಯ ಅಜ್ಜ. ಹಿಂದಿನವರು ಅದರಿಂದ ಪಾರಾಗಲು ಏನೇನು ಮಾಡುತ್ತಿದ್ದರು ಅಂತ’ ಎಂದೆ. ಅವರು ನಕ್ಕರು. ‘ಅದರಲ್ಲಿ ಭಾಷಣ ಮಾಡುವಂಥದ್ದು ಏನುಂಟು ಮಾರಾಯ? ಸತ್ತ ಇಲಿಯನ್ನು ಕೈಯಲ್ಲಿ ಮುಟ್ಟಬಾರದು. ಒಂದರ ಹಿಂದೆ ಒಂದು ಬೀಳಲಿಕ್ಕೆ ಶುರುವಾದರೆ ಆ ಮನೆಯಲ್ಲಿ ಮಲಗಬಾರದು. ನನ್ನ ಅಜ್ಜಿ ಹೇಳುತ್ತಿದ್ದದ್ದು ಇಷ್ಟೇ’ ಎಂದರು.

ನಾನು ವಾರಗಟ್ಟಲೆ ಓದಿ ಟಿಪ್ಪಣಿ ಮಾಡಿಕೊಂಡು ಬಂದದ್ದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದ್ದರು. ಆದರೆ ಏಳುವ ಮೊದಲು ಅವರು ಇನ್ನೊಂದು ಮಾತು ಸೇರಿಸಿದರು: ‘ಆ ಮನೆಯಲ್ಲಿ ಮಲಗಬಾರದು ಅಂತ ಅಜ್ಜಿ ಹೇಳುತ್ತಿದ್ದರು. ಮತ್ತೆ ಎಲ್ಲಿ ಮಲಗುವುದು ಅಂತ ಹೇಳಲಿಲ್ಲ.’

ಇಂದಿನ ನನ್ನ ಮಾತು ಈ ಎರಡು ವಿಷಯಗಳ ಸುತ್ತಲೇ ಇದೆ. ಪ್ಲೇಗಿನಿಂದ ಪಾರಾಗಲು ಕೊಟ್ಟ ಬುದ್ಧಿಮಾತುಗಳಲ್ಲಿ ಸರಿಯಾದದ್ದು ಯಾವುದು, ಮತ್ತು ಸರಿಯಾದದ್ದನ್ನು ಪಾಲಿಸುವ ಅನುಕೂಲ ಯಾರಿಗಿತ್ತು?

ಮಂಜರೂರು ಕಂಡ ಪ್ರವಾಸಿ

ಬಂದರಿನಲ್ಲಿ ಕೂತಿದ್ದೇವೆ, ಬಂದರಿನಿಂದಲೇ ಹೊರಡೋಣ. 1342ರ ಸುಮಾರಿಗೆ ಮೊರಾಕ್ಕೊ ದೇಶದ ಇಬ್ನ್ ಬತೂತ ಎಂಬ ಪ್ರವಾಸಿ ನಮ್ಮ ಊರಿಗೆ ಬಂದಿದ್ದ. ಅವನು ಇದನ್ನು ‘ಮಂಜರೂರು’ ಎನ್ನುತ್ತಾನೆ. ಪರ್ಷಿಯ ಮತ್ತು ಯೆಮನ್ ದೇಶಗಳ ವರ್ತಕರು ಇಲ್ಲಿ ಇಳಿಯುತ್ತಾರೆ, ಕರಿಮೆಣಸು ಮತ್ತು ಶುಂಠಿ ಇಲ್ಲಿ ಹೇರಳ, ಊರ ಪಕ್ಕದ ಕೇರಿಯಲ್ಲಿ ಸುಮಾರು 4,000 ಮುಸಲ್ಮಾನರಿದ್ದಾರೆ ಎಂದು ಬರೆದಿಟ್ಟಿದ್ದಾನೆ.

ಅದೇ ಮನುಷ್ಯ ಊರಿಗೆ ಮರಳುವ ದಾರಿಯಲ್ಲಿ 1348ರಲ್ಲಿ ಡಮಾಸ್ಕಸ್ ಮುಟ್ಟಿದಾಗ ಅಲ್ಲಿ ಪ್ಲೇಗು ಹಬ್ಬಿತ್ತು. ಇತಿಹಾಸದಲ್ಲಿ ‘ಕರಾಳ ಮೃತ್ಯು’ ಎಂದು ಹೆಸರಾದ ಮಹಾಮಾರಿ ಅದು. ಊರಿನ ಜನ ಮೂರು ದಿನ ಉಪವಾಸ ಮಾಡಿದರು. ಬಳಿಕ ಮುಸಲ್ಮಾನರು, ಯೆಹೂದ್ಯರು, ಕ್ರೈಸ್ತರು ತಮ್ಮ ತಮ್ಮ ಗ್ರಂಥಗಳನ್ನು ಹಿಡಿದುಕೊಂಡು, ಹೆಂಗಸರು ಮಕ್ಕಳೆನ್ನದೆ ಪ್ರಾರ್ಥನೆಗೆ ಹೊರಟರು. ಇದನ್ನು ಅವನು ಕಣ್ಣಾರೆ ಕಂಡು ದಾಖಲಿಸಿದ. ಸ್ವದೇಶದ ಹತ್ತಿರ ಬಂದಾಗ ಅವನಿಗೆ ಸಿಕ್ಕಿದ್ದು ತನ್ನ ತಾಯಿಯೂ ಪ್ಲೇಗಿಗೆ ಬಲಿಯಾದಳೆಂಬ ಸುದ್ದಿ.

ಆ ದಿನಗಳಲ್ಲಿ ವೈದ್ಯರು ಏನು ಹೇಳುತ್ತಿದ್ದರು? 1348ರಲ್ಲಿ ಪ್ಯಾರಿಸಿನ ವೈದ್ಯಪಂಡಿತರು ಫ್ರಾನ್ಸಿನ ದೊರೆಗೆ ಒಂದು ವರದಿ ಒಪ್ಪಿಸಿದರು. 1345ರ ಮಾರ್ಚ್ ತಿಂಗಳಲ್ಲಿ ಶನಿ, ಗುರು, ಕುಜ ಗ್ರಹಗಳು ಕುಂಭರಾಶಿಯಲ್ಲಿ ಸೇರಿದ್ದರಿಂದ ಗಾಳಿ ಕೆಟ್ಟಿತು, ಕೆಟ್ಟ ಗಾಳಿಯಿಂದ ರೋಗ ಬಂತು ಎಂಬುದು ಅದರ ಸಾರ. ಗಾಳಿಯೇ ಶತ್ರುವಾದ ಮೇಲೆ ರಕ್ಷಣೆಯೂ ಗಾಳಿಯಿಂದಲೇ ಆಗಬೇಕಲ್ಲ? ಸುವಾಸನೆಯ ಕಟ್ಟಿಗೆ ಸುಡಬೇಕು, ವಿನೆಗರಿನಲ್ಲಿ ಕೈ ಮುಖ ತೊಳೆಯಬೇಕು, ಕರ್ಪೂರ, ಲವಂಗ, ಜಾಯಿಕಾಯಿ ತುಂಬಿದ ಉಂಡೆಯನ್ನು ಮೂಗಿನ ಹತ್ತಿರ ಹಿಡಿಯಬೇಕು. ಬಿಸಿನೀರಿನ ಸ್ನಾನ ಕೂಡದು, ಅದರಿಂದ ಚರ್ಮದ ರಂಧ್ರ ತೆರೆದು ಕೆಟ್ಟ ಗಾಳಿ ಒಳಗೆ ಹೊಗುತ್ತದೆ ಎಂಬ ಭಯ. ಮೆಣಸು, ಶುಂಠಿಯಂಥ ಸಂಬಾರ ವಸ್ತುಗಳಿಗೂ ಮದ್ದಿನ ಮರ್ಯಾದೆ ಇತ್ತು. ನಮ್ಮ ಕರಾವಳಿಯ ಸರಕು ಅಲ್ಲಿ ಪ್ಲೇಗಿನ ಮದ್ದಾಗಿತ್ತೆಂಬುದು ಒಂದು ಸೋಜಿಗ.

ಆವಿನ್ಯೋ ನಗರದಲ್ಲಿದ್ದ ಪೋಪ್ ಆರನೆಯ ಕ್ಲೆಮೆಂಟ್‌ರಿಗೆ ವೈದ್ಯರ ಸಲಹೆಯಂತೆ ಎರಡು ದೊಡ್ಡ ಬೆಂಕಿಗಳ ನಡುವೆ ಪೀಠ ಹಾಕಿದ್ದರು. ಅವರು ಬದುಕಿಕೊಂಡರು. ಬೆಂಕಿ ಗಾಳಿಯನ್ನು ಶುದ್ಧ ಮಾಡಿತೆಂದು ವೈದ್ಯರು ನಂಬಿದರು. ಅಷ್ಟು ಬಿಸಿಯ ನಡುವೆ ಇಲಿಯೂ ಚಿಗಟವೂ ಸುಳಿಯಲಿಲ್ಲವೆಂದು ನಾವು ಇಂದು ಊಹಿಸಬಹುದು. ತಪ್ಪು ಕಾರಣದಿಂದ ಸರಿಯಾದ ಕೆಲಸ ಮಾಡುವುದೂ ಒಮ್ಮೊಮ್ಮೆ ಆಗುತ್ತದೆ.

ನಮ್ಮ ಕಡೆಯ ಗ್ರಂಥಗಳಲ್ಲೂ ಗಾಳಿಯ ಮಾತಿದೆ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಮೂರನೆಯ ಅಧ್ಯಾಯವಿಡೀ ‘ಜನಪದೋದ್ಧ್ವಂಸ’ಕ್ಕೆ, ಎಂದರೆ ಊರಿಗೆ ಊರೇ ನಾಶವಾಗುವ ರೋಗಕ್ಕೆ, ಮೀಸಲು. ಗಂಗೆಯ ದಡದಲ್ಲಿ ಆತ್ರೇಯ ಗುರು ಶಿಷ್ಯನಾದ ಅಗ್ನಿವೇಶನಿಗೆ ಹೇಳುತ್ತಾನೆ: ಗಾಳಿ, ನೀರು, ನೆಲ, ಕಾಲ ಈ ನಾಲ್ಕೂ ಕೆಟ್ಟಾಗ ಬೇರೆ ಬೇರೆ ಪ್ರಕೃತಿಯ ಜನರೂ ಒಂದೇ ರೋಗದಿಂದ ಒಟ್ಟಿಗೆ ಸಾಯುತ್ತಾರೆ. ಕೆಟ್ಟ ನೆಲದ ಲಕ್ಷಣ ಹೇಳುವಾಗ ಅವನು ಸೊಳ್ಳೆ, ನೊಣಗಳ ಜತೆಗೆ ಇಲಿಯನ್ನೂ ಹೆಸರಿಸುತ್ತಾನೆ. ನೆಲ ಕೆಡುವ ಮೊದಲೇ ಮೂಲಿಕೆಗಳನ್ನು ಸಂಗ್ರಹಿಸಿ ಇಟ್ಟುಕೊಳ್ಳಬೇಕು, ಕ್ಷೇಮವಾದ ಪ್ರದೇಶದಲ್ಲಿ ವಾಸಿಸಬೇಕು ಎನ್ನುತ್ತಾನೆ. ಇದೆಲ್ಲಕ್ಕೂ ಮೂಲ ಆಳುವವರ ಅಧರ್ಮ ಎಂದೂ ಹೇಳುತ್ತಾನೆ. ರೋಗ ಬರುವ ಮೊದಲು ಮದ್ದು ಕೂಡಿಡುವುದು ವೈದ್ಯರೂ ಸರಕಾರಗಳೂ ಇಂದಿಗೂ ಮರೆಯುವ ಪಾಠ.

ಹೋಗಬೇಡ, ಬರಬೇಡ

ಪ್ಲೇಗಿನ ಬಗ್ಗೆ ಲೋಕದಲ್ಲಿ ಬಹಳ ಹಳೆಯ ಎರಡು ಸಲಹೆಗಳಿವೆ. ಎರಡೂ ಒಂದಕ್ಕೊಂದು ವಿರುದ್ಧ.

ಮೊದಲನೆಯದು ಯುರೋಪಿನ ವೈದ್ಯರು ಬಾಯಿಪಾಠ ಮಾಡಿಕೊಂಡದ್ದು: ಬೇಗ ಹೊರಡು, ದೂರ ಹೋಗು, ತಡವಾಗಿ ಮರಳು. ಎರಡನೆಯದು ಇಸ್ಲಾಮಿನ ಸಂಪ್ರದಾಯದಲ್ಲಿ ಪ್ರವಾದಿಯವರ ಹೆಸರಿನಲ್ಲಿ ಬಂದದ್ದು: ಒಂದು ಊರಿನಲ್ಲಿ ಪ್ಲೇಗು ಇದೆಯೆಂದು ಕೇಳಿದರೆ ಅಲ್ಲಿಗೆ ಹೋಗಬೇಡಿ, ನೀವಿರುವ ಊರಿಗೇ ಬಂದರೆ ಅಲ್ಲಿಂದ ಓಡಬೇಡಿ.

ಕ್ರಿ.ಶ. 639ರ ಸುಮಾರಿಗೆ ಎರಡನೆಯ ಖಲೀಫ ಉಮರ್ ಸಿರಿಯ ದೇಶಕ್ಕೆ ಹೊರಟಿದ್ದಾಗ ಮುಂದೆ ಪ್ಲೇಗು ಇದೆಯೆಂಬ ವರ್ತಮಾನ ಬಂತು. ಅವರು ಹಿಂತಿರುಗಲು ನಿರ್ಧರಿಸಿದರು. ದೇವರ ವಿಧಿಯಿಂದ ಓಡುತ್ತಿದ್ದೀರಾ ಎಂದು ಸೇನಾನಿ ಅಬೂ ಉಬೈದ ಕೇಳಿದರಂತೆ. ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೆ, ಅದೂ ದೇವರದೇ, ಎಂಬ ಅರ್ಥದ ಉತ್ತರ ಉಮರರಿಂದ ಬಂತು. ಅಬೂ ಉಬೈದ ತನ್ನ ಸೈನಿಕರನ್ನು ಬಿಟ್ಟು ಬರಲಿಲ್ಲ. ಅದೇ ಪ್ಲೇಗಿನಲ್ಲಿ ತೀರಿಕೊಂಡರು.

ಈ ಎರಡನೆಯ ಸಲಹೆಯ ಹಿಂದಿನ ವಿವೇಕವನ್ನು ಗಮನಿಸಬೇಕು. ಓಡಿಹೋಗುವವನು ತನ್ನ ಗಂಟುಮೂಟೆಯಲ್ಲಿ ರೋಗವನ್ನೂ ಕಟ್ಟಿಕೊಂಡು ಹೋಗಬಹುದು. ಓಡಲಾರದ ಮುದುಕರು, ರೋಗಿಗಳು ನೋಡುವವರಿಲ್ಲದೆ ಉಳಿಯುತ್ತಾರೆ.

ಮೂರನೆಯ ದಾರಿ ಹುಡುಕಿದ್ದು ಬಂದರಿನವರು. ಆಡ್ರಿಯಾಟಿಕ್ ಸಮುದ್ರದ ದಂಡೆಯ ರಗೂಸ, ಇಂದಿನ ಡುಬ್ರೋವ್ನಿಕ್, 1377ರಲ್ಲಿ ಒಂದು ಕಾನೂನು ಮಾಡಿತು: ಪ್ಲೇಗಿರುವ ಊರಿನಿಂದ ಬಂದವರು 30 ದಿನ ಹೊರಗೇ ಕಳೆದ ಮೇಲೆ ಒಳಗೆ ಬರಬೇಕು. ವೆನಿಸಿನವರು 1423ರಲ್ಲಿ ಊರಿನ ಎದುರಿನ ದ್ವೀಪವೊಂದರಲ್ಲಿ ಪ್ಲೇಗಿನ ಆಸ್ಪತ್ರೆ ಕಟ್ಟಿಸಿದರು. ನಮ್ಮ ಬಂದರಿನ ಧಕ್ಕೆಯಲ್ಲಿ ನಿಂತರೆ ಎದುರಿಗೆ ಬೆಂಗ್ರೆ ಕಾಣುವುದಿಲ್ಲವೇ? ಹೆಚ್ಚುಕಡಿಮೆ ಹಾಗೆ ಎಂದುಕೊಳ್ಳಿ. ಮೂವತ್ತು ದಿನ ಮುಂದೆ ನಲ್ವತ್ತಾಯಿತು. ನಲ್ವತ್ತಕ್ಕೆ ಇಟಲಿಯ ಭಾಷೆಯಲ್ಲಿ ‘ಕ್ವಾರಂತ’. 2020ರಲ್ಲಿ ನಾವೆಲ್ಲ ಬಾಯಿಪಾಠ ಮಾಡಿಕೊಂಡ ‘ಕ್ವಾರಂಟೈನ್’ ಎಂಬ ಶಬ್ದ ಹುಟ್ಟಿದ್ದು ಹೀಗೆ. ವ್ಯಾಪಾರ ನಿಲ್ಲಬಾರದು, ಊರೂ ಉಳಿಯಬೇಕು ಎಂಬ ಸಂಕಟದಲ್ಲಿ ವರ್ತಕರು ಕಂಡುಕೊಂಡ ಉಪಾಯ ಅದು. ಆದರೆ ಹಡಗಿನ ಮನುಷ್ಯರನ್ನು ನಲ್ವತ್ತು ದಿನ ತಡೆದರೂ ಹಗ್ಗದ ಮೇಲೆ ನಡೆದು ದಡ ಸೇರುವ ಇಲಿಯನ್ನು ತಡೆಯುವವರಿರಲಿಲ್ಲ.

ಇಲಿಯನ್ನು ಮೊದಲು ಕಂಡವರು

ಮೊಗಲ್ ಚಕ್ರವರ್ತಿ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಆಗ್ರಾದ ಪ್ಲೇಗಿನ ಬಗ್ಗೆ ಬರೆಯುವಾಗ ಒಬ್ಬ ಹೆಣ್ಣುಮಗಳು ಹೇಳಿದ್ದನ್ನು ದಾಖಲಿಸುತ್ತಾನೆ. ಆಕೆ ಮಂತ್ರಿ ಆಸಫ್ ಖಾನನ ಮಗಳು. ಆಕೆಯ ಮನೆಯ ಅಂಗಳಕ್ಕೆ ಒಂದು ಇಲಿ ಕುಡಿದವರಂತೆ ಏಳುತ್ತಾ ಬೀಳುತ್ತಾ ಬಂತು. ಎತ್ತ ಹೋಗಬೇಕೆಂದು ಅದಕ್ಕೆ ತಿಳಿಯಲಿಲ್ಲ. ದಾಸಿಯೊಬ್ಬಳು ಬಾಲ ಹಿಡಿದು ಬೆಕ್ಕಿನ ಮುಂದೆ ಎಸೆದಳು. ಬೆಕ್ಕು ಖುಷಿಯಿಂದ ಬಾಯಿ ಹಾಕಿ, ಮರುಕ್ಷಣ ಅಸಹ್ಯಪಟ್ಟು ಬಿಟ್ಟಿತು. ಬೆಕ್ಕು ಕಾಯಿಲೆ ಬಿತ್ತು. ಆಮೇಲೆ ದಾಸಿಯರಿಗೆ ಗಡ್ಡೆ ಎದ್ದು ಜ್ವರ ಬಂತು. ಕೆಲವೇ ದಿನಗಳಲ್ಲಿ ಆ ಮನೆಯ ಹಲವರು ಸತ್ತರು. ಇದು 17ನೆಯ ಶತಮಾನದ ಆರಂಭದ ಮಾತು. ಆ ಹೆಣ್ಣುಮಗಳು ಕಂಡದ್ದನ್ನು ವಿಜ್ಞಾನ ಒಪ್ಪಿಕೊಳ್ಳಲು ಇನ್ನೂ ಸುಮಾರು 290 ವರ್ಷ ಬೇಕಾಯಿತು.

ನಮ್ಮ ವಿಜಾಪುರವೂ ಈ ಕತೆಯಲ್ಲಿದೆ. 1688ರಲ್ಲಿ ಔರಂಗಜೇಬನ ಬೀಡು ಅಲ್ಲಿದ್ದಾಗ ಪ್ಲೇಗು ಹರಡಿತು. ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ಗಡ್ಡೆ ಏಳುತ್ತಿತ್ತೆಂದು ಇತಿಹಾಸಕಾರ ಖಾಫಿ ಖಾನ್ ಬರೆದಿದ್ದಾನೆ. ಬಾದಶಹನ ಪತ್ನಿ ಔರಂಗಾಬಾದಿ ಮಹಲ್ ಅದೇ ರೋಗದಿಂದ ಅಲ್ಲೇ ತೀರಿಕೊಂಡಳು. ಅರಮನೆಗೆ ಸುತ್ತ ಕಾವಲಿದ್ದರೂ ಇಲಿಗೆ ಪರವಾನಗಿ ಬೇಡ.

ಹಿಮಾಲಯದ ಗಢವಾಲದ ಹಳ್ಳಿಯವರಿಗೆ 19ನೆಯ ಶತಮಾನದ ನಡುವಿನಲ್ಲೇ ಒಂದು ರೂಢಿಯಿತ್ತು. ಮನೆಗಳಲ್ಲಿ ಇಲಿ ಸಾಯತೊಡಗಿದರೆ ಹಳ್ಳಿ ಬಿಟ್ಟು ಬಯಲಿಗೆ ಹೋಗುವುದು. ಬ್ರಿಟಿಷ್ ವೈದ್ಯಾಧಿಕಾರಿಗಳು ಇದನ್ನು ಕಂಡು ವರದಿಯನ್ನೂ ಬರೆದಿದ್ದರು. ವರದಿ ಕಪಾಟು ಸೇರಿತು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಗೋವಾ ಮೂಲದ ಡಾ. ಅಕಾಸಿಯೊ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ಮಾಂಡವಿ ಎಂಥ ಜಾಗ? ಹಡಗುಕಟ್ಟೆಯ ಬಳಿ, ಕೆಳಗೆ ಧಾನ್ಯದ ಗೋದಾಮು, ಮೇಲೆ ಇಕ್ಕಟ್ಟಾದ ವಾಸದ ಕೋಣೆಗಳು. ನಮ್ಮ ಬಂದರಿನ ಓಣಿಗಳಲ್ಲಿ ನಡೆದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಗೋದಾಮುಗಳಲ್ಲಿ ಇಲಿಗಳು ಸಾಯುತ್ತಿದ್ದುದನ್ನು ಅಲ್ಲಿನವರು ಮೊದಲೇ ಕಂಡಿದ್ದರು.

ರೋಗಾಣುವನ್ನು ಅದಾಗಲೇ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂದರ್ ಯೆರ್ಸಿನ್ ಪತ್ತೆ ಮಾಡಿದ್ದರು. ಅದು ಇಲಿಯಿಂದ ಮನುಷ್ಯನಿಗೆ ಹೇಗೆ ದಾಟುತ್ತದೆ ಎಂಬುದು ಉಳಿದ ಪ್ರಶ್ನೆ. 1898ರ ಜೂನಿನಲ್ಲಿ ಫ್ರೆಂಚ್ ವೈದ್ಯ ಪೌಲ್ ಲೂಯಿ ಸಿಮೊಂ ಕರಾಚಿಯಲ್ಲಿ ಒಂದು ಸರಳ ಪರೀಕ್ಷೆ ಮಾಡಿದರು. ದೊಡ್ಡ ಗಾಜಿನ ಜಾಡಿಯಲ್ಲಿ ಚಿಗಟ ತುಂಬಿದ ರೋಗದ ಇಲಿ. ಅದು ಸಾಯುವ ಹೊತ್ತಿಗೆ ಸಣ್ಣ ಪಂಜರದಲ್ಲಿ ಆರೋಗ್ಯವಂತ ಇಲಿಯನ್ನು ಮೇಲೆ ತೂಗುಬಿಟ್ಟರು. ಎರಡೂ ಒಂದನ್ನೊಂದು ಮುಟ್ಟುವಂತಿರಲಿಲ್ಲ. ಆದರೂ ಎರಡನೆಯದಕ್ಕೆ ಪ್ಲೇಗು ಬಂತು. ಸತ್ತ ಇಲಿಯ ಮೈ ತಣ್ಣಗಾದಾಗ ಚಿಗಟಗಳು ಹಾರಿ ಬೇರೆ ರಕ್ತ ಹುಡುಕಿಕೊಂಡವು. ಮನೆಯಲ್ಲಿ ಇಲಿಗಳೆಲ್ಲ ಸತ್ತ ಮೇಲೆ ಆ ಚಿಗಟಗಳಿಗೆ ಸಿಗುವುದು ನೆಲದ ಮೇಲೆ ಮಲಗಿದ ಮನುಷ್ಯ. ಇಲಿ ಬಿದ್ದ ಒಂದೆರಡು ವಾರದಲ್ಲಿ ಮನುಷ್ಯರು ಬೀಳುವುದು ಇದೇ ಕಾರಣಕ್ಕೆ.

ಸಿಮೊಂ ಹೇಳಿದ್ದನ್ನು ಆಗಿನ ಪ್ಲೇಗ್ ಕಮಿಷನ್ ನಂಬಲಿಲ್ಲ. 1905ರಿಂದ ಹೊಸ ಸಂಶೋಧಕರ ತಂಡ ಮುಂಬಯಿಯಲ್ಲಿ ಪರೀಕ್ಷೆಗಳನ್ನು ನಡೆಸಿದ ಮೇಲೆ ಇಲಿ ಮತ್ತು ಚಿಗಟದ ಪಾತ್ರ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಯಿತು.

ಸರಕಾರ ಮಾಡಿದ್ದೇನು?

ಈ ಮಧ್ಯೆ ಹತ್ತು ವರ್ಷ ಕಳೆದಿತ್ತು. ಆ ಹತ್ತು ವರ್ಷ ಸರಕಾರದ ಕಣ್ಣಿದ್ದದ್ದು ಮನುಷ್ಯರ ಮೇಲೆ. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ಕಂಕುಳು, ತೊಡೆಸಂದು ತಪಾಸಣೆ. ಮನೆಗೆ ನುಗ್ಗಿ ರೋಗಿಗಳನ್ನು ಆಸ್ಪತ್ರೆಗೆ, ಮನೆಯವರನ್ನು ಶಿಬಿರಕ್ಕೆ ಸಾಗಿಸುವುದು. ಬಟ್ಟೆಬರೆ ಸುಡುವುದು, ಗೋಡೆಗೆ ಸುಣ್ಣ, ನೆಲಕ್ಕೆ ಕಾರ್ಬಾಲಿಕ್ ದ್ರಾವಣ, ಬಿಸಿಲು ಬೀಳಲೆಂದು ಮಾಡಿನ ಹೆಂಚು ತೆಗೆಯುವುದು. ದ್ರಾವಣ ಸುರಿದ ಮನೆಯ ಇಲಿಗಳು ಪಕ್ಕದ ಮನೆಗೆ ಓಡಿದವು. ಪುಣೆಯಲ್ಲಿ ಸೋಲ್ಜರುಗಳು ಮನೆ ಹೊಕ್ಕ ರೀತಿಗೆ ಜನ ರೊಚ್ಚಿಗೆದ್ದರು. 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರಾಂಡ್‌ಗೆ ಗುಂಡೇಟು ಬಿತ್ತು. ಹೆದರಿದ ಜನ ರೋಗಿಗಳನ್ನು ಬಚ್ಚಿಟ್ಟರು. ಬಚ್ಚಿಟ್ಟ ರೋಗಕ್ಕೆ ಯಾವ ವೈದ್ಯನ ಸಲಹೆ ತಲುಪೀತು?

ಎಲ್ಲವೂ ತಪ್ಪಾಗಿತ್ತೆಂದು ನಾನು ಹೇಳುತ್ತಿಲ್ಲ. ಹಾಸಿಗೆ ಬಟ್ಟೆಯನ್ನು ಕಡುಬಿಸಿಲಿಗೆ ಹಾಕುವುದು ಒಳ್ಳೆಯ ಸಲಹೆ, ಒಣ ಬಿಸಿಗೆ ಚಿಗಟ ಬದುಕುವುದಿಲ್ಲ. ಪುಪ್ಪುಸದ ಪ್ಲೇಗು ಕೆಮ್ಮಿನ ಹನಿಯಿಂದ ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಹರಡುವುದರಿಂದ ಅಂಥ ರೋಗಿಯನ್ನು ಪ್ರತ್ಯೇಕವಾಗಿ ಇರಿಸಲೇಬೇಕು. ಊರನ್ನು ಖಾಲಿ ಮಾಡಿಸಿ ಬಯಲಲ್ಲಿ ಗುಡಿಸಲು ಹಾಕಿಸಿದ್ದೂ ಜೀವ ಉಳಿಸಿತು.

ಚುಚ್ಚುಮದ್ದಿನ ಕತೆಯನ್ನೂ ಹೇಳಬೇಕು. ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡರು. ಸೀಸೆಯ ರಸದ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟು, ಅದರಡಿಯಲ್ಲಿ ರೋಗಾಣುಗಳನ್ನು ಬೆಳೆಸಿ, ಕಾಯಿಸಿ ಕೊಂದು ಮಾಡಿದ ಲಸಿಕೆ ಅದು. ಹುಬ್ಬಳ್ಳಿಯಲ್ಲಿ 1898ರಲ್ಲಿ ಸಾವಿರಾರು ಜನ ಸಾಲುನಿಂತು ಚುಚ್ಚಿಸಿಕೊಂಡರು. ಲಸಿಕೆ ರೋಗವನ್ನು ಪೂರ್ತಿ ತಡೆಯುತ್ತಿರಲಿಲ್ಲ, ಸಾವನ್ನು ಬಹಳಷ್ಟು ತಗ್ಗಿಸಿತು. ಆದರೆ 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಕಲುಷಿತವಾದ ಒಂದು ಸೀಸೆಯಿಂದ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪು ಹಾಫ್‌ಕಿನ್‌ರದಲ್ಲವೆಂದು ತೀರ್ಮಾನವಾಗಲು 1907ರ ವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಜನರ ನಂಬಿಕೆಗೆ ಪೆಟ್ಟು ಬಿದ್ದಿತ್ತು.

ಬೆಂಗಳೂರಿಗೆ ಪ್ಲೇಗು ಬಂದದ್ದು 1898ರ ಆಗಸ್ಟಿನಲ್ಲಿ. ಗಾಳಿ ಬೆಳಕಿನ ಅಗಲ ಬೀದಿಗಳ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಭಯದಲ್ಲೇ. ಅಲ್ಲಿನ ಪ್ಲೇಗು ಶಿಬಿರದಲ್ಲಿ ಜೀವದ ಹಂಗು ತೊರೆದು ದುಡಿದವರಲ್ಲಿ ಡಾ. ಪಲ್ಪು ಒಬ್ಬರು. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರಿನಲ್ಲಿ ಅವರಿಗೆ ಸರಕಾರಿ ಕೆಲಸ ಸಿಕ್ಕಿರಲಿಲ್ಲ. ಮುಂದೆ ನಾರಾಯಣ ಗುರುಗಳ ಜತೆ ನಿಂತು ಸಮಾಜ ಕಟ್ಟಿದವರೂ ಅವರೇ. ಅದೇ ಗುರುಗಳು 1912ರಲ್ಲಿ ನಮ್ಮ ಪಕ್ಕದ ಕುದ್ರೋಳಿಯಲ್ಲಿ ಗೋಕರ್ಣನಾಥ ದೇವಸ್ಥಾನದ ಪ್ರತಿಷ್ಠೆ ಮಾಡಿದರು. ಮುಟ್ಟಬಾರದವರೆಂದು ದೂರವಿಟ್ಟ ಸಮುದಾಯದಿಂದ ಬಂದವರೇ, ಯಾರೂ ಮುಟ್ಟಲು ಹೆದರುವ ರೋಗಿಗಳನ್ನು ನೋಡಿಕೊಂಡರೆಂಬುದನ್ನು ನಾವು ನೆನಪಿಡಬೇಕು.

ಮಂಗಳೂರು, 1902

ನಮ್ಮ ಊರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೆ ಮೊದಲು ಮುಂಬಯಿಗೂ ನಮಗೂ ಸಮುದ್ರವೇ ಹೆದ್ದಾರಿ. ಪತ್ತೆಮಾರಿ, ಮಂಜಿಗಳು ಅಳಿವೆ ಬಾಗಿಲು ದಾಟಿ ಇದೇ ಬಂದರಿಗೆ ಬರುತ್ತಿದ್ದವು. 1902ರಲ್ಲಿ ಮಂಗಳೂರಿನಲ್ಲಿ ಪ್ಲೇಗು ಕಾಣಿಸಿಕೊಂಡಿತು.

ಆ ಹೊತ್ತಿಗೆ ಕಂಕನಾಡಿಯಲ್ಲಿ ಜರ್ಮನಿಯಿಂದ ಬಂದ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಇದ್ದರು. ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳಲು ಬಂದ ಅವರು 1880ರಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ಶುರುಮಾಡಿದ್ದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ್ದರು. ಪ್ಲೇಗು ಬಂದಾಗ ಅವರು ಪ್ಲೇಗಿನ ಆಸ್ಪತ್ರೆಯನ್ನೇ ತೆರೆದರು. 1910ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಊರಿನಲ್ಲೇ ದುಡಿದರು.

ಅಲ್ಲಿ ಏನು ಮದ್ದಿತ್ತು ಎಂದು ನೀವು ಕೇಳಬಹುದು. ಪ್ಲೇಗನ್ನು ಗುಣಪಡಿಸುವ ಮದ್ದು ಆಗ ಜಗತ್ತಿನಲ್ಲಿ ಯಾರ ಬಳಿಯೂ ಇರಲಿಲ್ಲ. ಸ್ಟ್ರೆಪ್ಟೋಮೈಸಿನ್ ಕಂಡುಹಿಡಿದದ್ದು 1943ರಲ್ಲಿ. ಆದರೆ ಗಡ್ಡೆ ಪ್ಲೇಗು ತಗಲಿದವರೆಲ್ಲ ಸಾಯುವುದಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ನೂರಕ್ಕೆ 30ರಿಂದ 60 ಮಂದಿ ಸಾಯುತ್ತಾರೆ, ಉಳಿದವರು ಚೇತರಿಸಿಕೊಳ್ಳುತ್ತಾರೆ. ಹಾಗಾಗಿ ಒಂದು ಮಂಚ, ಕುಡಿಯಲು ನೀರು, ಗಂಜಿ, ಮೈ ಒರೆಸುವ ಒಂದು ಕೈ, ಇವೂ ಜೀವ ಉಳಿಸುವ ವಸ್ತುಗಳೇ. ಗೋದಾಮಿನ ಮೂಲೆಯಲ್ಲಿ ಮಲಗುತ್ತಿದ್ದ ಕೂಲಿಯವನಿಗೆ ‘ಊರು ಬಿಡು’ ಎನ್ನುವುದು ಸುಲಭ. ‘ಇಲ್ಲಿಗೆ ಬಾ’ ಎನ್ನಲು ಒಂದು ಬಾಗಿಲು ಬೇಕು. ಬಂದರಿನಿಂದ ಕೆಲವೇ ಮೈಲಿ ದೂರದಲ್ಲಿ ಆ ಬಾಗಿಲು ತೆರೆದದ್ದು ನಮ್ಮ ಊರಿನ ಪುಣ್ಯ.

ತಾಳೆಗರಿ ಓದಿದವರು, ಇಲಿ ನೋಡದವರು

ಕನ್ನಡದ ಎರಡು ಕಾದಂಬರಿಗಳನ್ನು ಇಲ್ಲಿ ನೆನೆಯುತ್ತೇನೆ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯಲ್ಲಿ ಶಿವಮೊಗ್ಗಕ್ಕೆ ಹೋಗಿಬಂದ ನಾರಣಪ್ಪ ಜ್ವರದಿಂದ ಸಾಯುತ್ತಾನೆ. ಅಗ್ರಹಾರದವರು ಶವಸಂಸ್ಕಾರ ಯಾರು ಮಾಡಬೇಕೆಂದು ಗ್ರಂಥ ಹುಡುಕುತ್ತಾರೆ. ಮನೆಮನೆಯಲ್ಲಿ ಇಲಿಗಳು ಬಂದು ಬಿದ್ದು ಸಾಯುತ್ತವೆ, ಮಾಡಿನ ಮೇಲೆ ಹದ್ದು ಕೂರುತ್ತದೆ. ಅಗ್ರಹಾರದವರು ಅದನ್ನು ಅಪಶಕುನವೆಂದು ನೋಡುತ್ತಾರೆ, ರೋಗದ ಸೂಚನೆಯೆಂದು ಓದುವುದಿಲ್ಲ.

ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ದಲ್ಲಿ (1970) ಹಳ್ಳಿಯವರಿಗೆ ಆ ಸೂಚನೆ ಚೆನ್ನಾಗಿ ಗೊತ್ತು. ಇಲಿ ಬಿತ್ತೆಂದರೆ ಊರ ಹೊರಗೆ ಗುಡಿಸಲು ಹಾಕುತ್ತಾರೆ. ಗೊತ್ತಿದ್ದೂ ನಂಜಮ್ಮನ ಮಕ್ಕಳಲ್ಲಿ ಇಬ್ಬರು ಉಳಿಯುವುದಿಲ್ಲ. ಭೈರಪ್ಪನವರು ಬಾಲ್ಯದಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. ಗುಡಿಸಲು ಹಾಕಲು ಗಳ ಬೇಕು, ಸೋಗೆ ಬೇಕು, ಆಳು ಬೇಕು. ಬಡ ಹೆಂಗಸಿಗೆ ಇದೆಲ್ಲ ಹೊಂದುವಷ್ಟರಲ್ಲಿ ದಿನ ಕಳೆಯುತ್ತದೆ. ಪ್ಲೇಗು ಅಷ್ಟು ದಿನ ಕಾಯುವುದಿಲ್ಲ.

1896ರ ಬಳಿಕದ ಕೆಲವು ದಶಕಗಳಲ್ಲಿ ಈ ದೇಶದಲ್ಲಿ ಪ್ಲೇಗಿಗೆ ಸತ್ತವರು ಒಂದು ಕೋಟಿಗೂ ಹೆಚ್ಚು. ಮುಂಬಯಿಯ ಸುಮಾರು ಅರ್ಧದಷ್ಟು ಜನ ಊರು ಬಿಟ್ಟು ಹೋದರು. ಹೋದವರಲ್ಲಿ ಹಲವರಿಗೆ ಹೋಗಲು ಒಂದು ಊರಿತ್ತು, ಬಂಡಿಗೆ ಬಾಡಿಗೆಯಿತ್ತು. ಉಳಿದವರೂ ದಡ್ಡರಾಗಿರಲಿಲ್ಲ. ಇಲಿ ಬಿದ್ದದ್ದು ಅವರಿಗೂ ಕಂಡಿತ್ತು. ಒಂದು ದಿನದ ಕೂಲಿ ಬಿಟ್ಟರೆ ಆ ದಿನದ ಅನ್ನವಿಲ್ಲದವರು ಅವರು.

ಇಂದಿಗೆ ಇದರ ಪಾಠ

ಪ್ಲೇಗು ಲೋಕದಿಂದ ಹೋಗಿಲ್ಲ. ಕರ್ನಾಟಕದಲ್ಲಿ 1966ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನ ಕಡೆ ಅದು ಕಂಡಿತ್ತು. 1994ರಲ್ಲಿ ಸೂರತ್ತಿನಲ್ಲಿ ಕಾಣಿಸಿಕೊಂಡಾಗ ಲಕ್ಷಾಂತರ ಜನ ರೈಲು ಹತ್ತಿದರು, ದೂರದ ಊರುಗಳಲ್ಲೂ ಟೆಟ್ರಾಸೈಕ್ಲಿನ್ ಮಾತ್ರೆಗೆ ನೂಕುನುಗ್ಗಲಾಯಿತು. 2017ರಲ್ಲಿ ಮಡಗಾಸ್ಕರಿನಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಇಂದು ಬೇಗ ಗುರುತಿಸಿದರೆ ಆಂಟಿಬಯೋಟಿಕ್ ಮದ್ದಿನಿಂದ ಅದು ಗುಣವಾಗುತ್ತದೆ. ಪಣಂಬೂರಿನ ಹೊಸ ಬಂದರಿಗೆ ಪರದೇಶದಿಂದ ಬರುವ ಹಡಗಿನ ಬಳಿ ನೈರ್ಮಲ್ಯದ ಪ್ರಮಾಣಪತ್ರ ಇರಲೇಬೇಕು. ಹಿಂದೆ ಅದನ್ನು ಇಲಿ ನಿವಾರಣೆಯ ಪತ್ರವೆಂದೇ ಕರೆಯುತ್ತಿದ್ದರು. ಹಡಗು ಕಟ್ಟುವ ಹಗ್ಗಕ್ಕೆ ತಗಡಿನ ತಟ್ಟೆ ಸಿಕ್ಕಿಸುವುದೂ ಇಲಿ ಇಳಿಯದಿರಲೆಂದೇ.

ಕರಾವಳಿಯಲ್ಲಿ ಮಳೆಗಾಲಕ್ಕೆ ಕಾಣುವ ‘ಇಲಿಜ್ವರ’ ಪ್ಲೇಗಲ್ಲ, ಅದು ಬೇರೆಯೇ ರೋಗ. ಇಲಿಯ ಮೂತ್ರ ಬೆರೆತ ನೀರು ಗಾಯದ ಮೂಲಕ ಮೈ ಸೇರಿದರೆ ಬರುತ್ತದೆ. ಅದಕ್ಕೆ ವೈದ್ಯರ ಸಲಹೆ ಸರಳ: ಗಾಯದ ಕಾಲಿನಲ್ಲಿ ಕೊಳಚೆ ನೀರಿಗೆ ಇಳಿಯಬೇಡಿ, ಗಂಬೂಟು ಹಾಕಿಕೊಳ್ಳಿ. ಒಳ್ಳೆಯ ಮಾತು. ಮೊಣಕಾಲು ನೀರಿನಲ್ಲಿ ಚರಂಡಿ ಬಿಡಿಸುವವರಿಗೆ, ಮೂಟೆ ಹೊರುವವರಿಗೆ, ಗದ್ದೆಗಿಳಿಯುವವರಿಗೆ ಗಂಬೂಟು ಯಾರು ಕೊಡುತ್ತಾರೆ?

2020ರ ಮಾರ್ಚ್‌ನಲ್ಲಿ ರಾಜ್ಯಗಳು 1897ರ ಅದೇ ಪ್ಲೇಗಿನ ಕಾಯಿದೆಯನ್ನು ಕೊರೋನಾಕ್ಕೆ ಬಳಸಿದವು. ಆಗ ನಾನಿನ್ನೂ ವಿದ್ಯಾರ್ಥಿ. ‘ಮನೆಯಲ್ಲೇ ಇರಿ’ ಎಂಬ ಸಲಹೆ ಸರಿಯಾಗಿತ್ತು. ಹೆದ್ದಾರಿಯಲ್ಲಿ ಗಂಟು ಹೊತ್ತು ನೂರಾರು ಮೈಲಿ ನಡೆದವರನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಸಲಹೆ ಅವರ ಕಿವಿಗೂ ಬಿದ್ದಿತ್ತು. ಯಾವ ಮನೆ ಎಂಬುದೇ ಅವರ ಪ್ರಶ್ನೆ.

ಆರೋಗ್ಯ ಇಲಾಖೆಯ ಪ್ರಕಟಣೆಗಳನ್ನು ಪತ್ರಿಕೆಗೆ ಬರೆದುಕೊಡುವುದು ನನ್ನ ಕೆಲಸದ ಒಂದು ಭಾಗ. ಏನು ಮಾಡಬೇಕು, ಏನು ಮಾಡಬಾರದು ಎಂದು ಪಟ್ಟಿ ಬರೆಯುತ್ತೇನೆ. ಇನ್ನು ಮುಂದೆ ಅಂಥ ಪಟ್ಟಿ ಬರೆಯುವಾಗ, ಅದನ್ನು ಪಾಲಿಸಲು ಬೇಕಾದ್ದನ್ನು ಯಾರು ಒದಗಿಸುತ್ತಾರೆ ಎಂಬುದನ್ನೂ ಕೇಳಿ ಬರೆಯಬೇಕೆಂದು ಈ ಓದಿನಿಂದ ಕಲಿತೆ.

ಗೋದಾಮಿನ ಎದುರಿನ ಅಜ್ಜನಿಗೆ ಭಾಷಣ ಮುಗಿದ ಮೇಲೆ ಸಿಗುತ್ತೇನೆಂದು ಹೇಳಿ ಬಂದಿದ್ದೇನೆ. ಅವರ ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ ಎಂದು ತಿಳಿಸಬೇಕು. ಎಲ್ಲಿ ಮಲಗುವುದೆಂಬ ಅವರ ಪ್ರಶ್ನೆಯನ್ನು ಮಾತ್ರ ನಿಮ್ಮ ಮುಂದೆ ಇಟ್ಟು ಹೋಗುತ್ತೇನೆ.